ಗಾಳ ಹಾಕೋರಿಗೆ ಈ ರೈನ್‌ಸೂಟ್ ಆಗ್ತದಾ? ಮೂರು ತುಲಾ ತಿಂಗಳು (ಅಕ್ಟೋಬರ್-ನವೆಂಬರ್) ಹಾಕಿ ನೋಡಿದ್ದು

ಮೊದ್ಲೇ ಹೇಳಿಬಿಡ್ತೀನಿ, ಬೈಕಲ್ಲಿ ಓಡಾಡೋರು, ತೋಟ ಸುತ್ತೋರು ಇದನ್ನ ಕಣ್ಮುಚ್ಚಿ ತಗೊಳ್ಳಿ, ಮುಂದೆ ಓದೋದೂ ಬೇಡ. ಹೊಳೆ ದಡದಲ್ಲಿ ರಾಡ್ ಹಿಡ್ಕೊಂಡು ಗಂಟೆಗಟ್ಟಲೆ ನಿಲ್ಲೋರು ಮಾತ್ರ ಪೂರ್ತಿ ಓದಿ, ಯಾಕಂದ್ರೆ ನನಗೆ ಇದು ತಲೆಗೆ ಹೋಗೋಕೆ ಮೂರು ವರ್ಷ, ಒಂದು ವಾರದ ಜ್ವರ, ಮತ್ತೆ ಹತ್ರ ಹತ್ರ ಐದು ಸಾವಿರ ರೂಪಾಯಿ ಬೇಕಾಯ್ತು.

ಕಂಪನಿ ಹೆಸರು ಬರೆಯಲ್ಲ, ಕೇಳ್ಲೂಬೇಡಿ. ಇದೇ ಮಾದರಿ ಸೂಟು ನಾಲ್ಕೈದು ಹೆಸರಲ್ಲಿ ಆನ್‌ಲೈನಲ್ಲಿ ಸಿಗ್ತದೆ. ಜಾಕೆಟ್ ಪ್ಯಾಂಟ್ ಎರಡೂ ಸೇರಿ ಒಂದು ಸೆಟ್, ಹೊರಗೆ ಪಾಲಿಯೆಸ್ಟರ್, ಒಳಗೆ ನೀರು ತಡೆಯೋಕೆ ತೆಳ್ಳಗೆ ಪಿಯು (ಪಾಲಿಯುರೆಥೇನ್) ಕೋಟಿಂಗ್, ಹೊಲಿಗೆ ಮೇಲೆಲ್ಲ ಒಳಗಿಂದ ಟೇಪ್ ಅಂಟಿಸಿರ್ತಾರೆ, ತೋಳಿನ ತುದಿಗೆ ವೆಲ್ಕ್ರೋ, ಟೊಪ್ಪಿಗೆ ಎಳೆಯೋ ದಾರ, ಲೇಬಲ್ ಮೇಲೆ ದೊಡ್ಡದಾಗಿ 10,000 ಎಂ.ಎಂ. ವಾಟರ್‌ಪ್ರೂಫ್ ಅಂತ. ನಾನು ಕೊಟ್ಟಿದ್ದು 4,200. 2022ರ ಅಕ್ಟೋಬರಲ್ಲಿ ಕಾವೇರಿ ಸಂಕ್ರಮಣ ಮುಗಿದು ಮಾರನೇ ದಿನ ಪಾರ್ಸಲ್ ಬಂತು, ಮನೆಯವಳು ಬಿಲ್ ನೋಡಿ "ಮಳೆಗಾಲ ಮುಗಿದ ಮೇಲೆ ಯಾರಾದ್ರೂ ರೈನ್‌ಕೋಟ್ ತಗೋತಾರಾ" ಅಂದ್ಲು.

ಅವಳು ಹೇಳಿದ್ದು ತಪ್ಪಲ್ಲ, ಕೊಡಗಲ್ಲಿ ಮಳೆ ಅಂದ್ರೆ ಎಲ್ಲರ ತಲೇಲೂ ಬರೋದು ಜುಲೈ-ಆಗಸ್ಟಿನ ಕಕ್ಕಡದ ಮಳೆನೇ. ಆದ್ರೆ ಗಾಳದವರ ಲೆಕ್ಕ ಬೇರೆ. ಜೂನಿಂದ ಸೆಪ್ಟೆಂಬರ್ ತನಕ ಕಾವೇರಿ ಕೆಂಪಾಗಿ ದಡ ತುಂಬಿ ಹರೀತಿರ್ತಾಳೆ, ಆಗ ಹೊಳೆ ಹತ್ರ ಯಾರೂ ಗಾಳ ತಗೊಂಡು ಹೋಗಲ್ಲ, ಹೋಗ್ಲೂಬಾರ್ದು. ತುಲಾ ತಿಂಗಳು ಹುಟ್ಟಿದ ಮೇಲೆ ನೀರು ಇಳೀತದೆ, ಬಂಡೆಗಳ ತಲೆ ಕಾಣಿಸ್ತದೆ, ನೀರಿನ ಬಣ್ಣ ಹಾಲು ಜಾಸ್ತಿ ಹಾಕಿದ ಚಾದಿಂದ ಕಟ್ ಚಾಕ್ಕೆ ಬರ್ತದೆ. ನಾಲ್ಕು ತಿಂಗಳು ಕಾದು ಕೂತೋರಿಗೆ ಅಲ್ಲಿಂದ ಕೈ ತುರಿಸೋಕೆ ಶುರು. ಆದ್ರೆ ಅದೇ ಹೊತ್ತಿಗೆ ಹಿಂಗಾರು. ಬೆಳಿಗ್ಗೆ ಬಿಸಿಲು ಚುರುಗುಟ್ಟುತ್ತಾ ಇರ್ತದೆ, ಎರಡು ಗಂಟೆಗೆ ಪೂರ್ವದ ಕಡೆ ಮೋಡ ಏರ್ತದೆ, ಮೂರೂವರೆಗೆ ಗುಡುಗು ಸಿಡಿಲು, ಐದಕ್ಕೆ ಮತ್ತೆ ಆಕಾಶ ತೊಳೆದಿಟ್ಟ ಹಾಗೆ. ಇದು ಒಂದು ನಮೂನೆ. ಇನ್ನೊಂದು ಬಂಗಾಳ ಕೊಲ್ಲಿಲಿ ಸೈಕ್ಲೋನ್ ಎದ್ದಾಗ ಬರೋದು, ಅದು ಗುಡುಗಲ್ಲ ಗದರಲ್ಲ, ಮೂರು ದಿನ ಸುಮ್ನೆ ಜಿಟಿಜಿಟಿ ಅಂತ ಸುರೀತಿರ್ತದೆ, ಜೊತೆಗೆ ಮೂಳೆ ಕೊರೆಯೋ ಗಾಳಿ. ಈ ಸೂಟು ಎರಡರಲ್ಲೂ ಒಂದೇ ಥರ ಕೆಲಸ ಮಾಡಲ್ಲ, ಅದನ್ನ ಆಮೇಲೆ ಹೇಳ್ತೀನಿ.

ನಾನು ಹಾಕೋ ಜಾಗ ಎರಡು. ಒಂದು ನಮ್ಮ ಭಾವನ ತೋಟದ ಕೆರೆ, ನೆಲ್ಯಹುದಿಕೇರಿ ಕಡೆ. ಬೇಸಿಗೆಲಿ ಕಾಫಿಗೆ ಸ್ಪ್ರಿಂಕ್ಲರ್ ಹೊಡೆಯೋಕೆ ಅಂತ ತೋಡಿದ್ದು, ಅದರಲ್ಲಿ ಕಾಟ್ಲಾ, ರೋಹು, ಗೆಂಡೆ ಬಿಟ್ಟಿದ್ದಾರೆ, ಬಿಡದೇನೇ ಬಂದು ಸೇರ್ಕೊಂಡಿರೋ ಜಿಲೇಬಿ ಮೀನೂ ಉಂಟು. ಇನ್ನೊಂದು ಹೊಳೆ, ವಾಲ್ನೂರು ಕಡೆ, ಕೂರ್ಗ್ ವೈಲ್ಡ್‌ಲೈಫ್ ಸೊಸೈಟಿಯವರು ಬಿಳಿಮೀನನ್ನ, ಅಂದ್ರೆ ಮಹಶೀರನ್ನ, ಕಾಯ್ಕೊಂಡು ಬಂದಿರೋ ಜಾಗ. ಅಲ್ಲಿ ಪರ್ಮಿಟ್ ಇಲ್ದೆ ಹಾಕೋ ಹಾಗಿಲ್ಲ, ಸಿಕ್ಕಿದ್ದನ್ನ ಹುಷಾರಾಗಿ ಗಾಳ ಬಿಡಿಸಿ ವಾಪಸ್ ನೀರಿಗೆ ಬಿಡ್ಬೇಕು, ಅದು ಸರೀನೂ ಹೌದು. 1946ರಲ್ಲಿ ಕಬಿನಿಲಿ ಮೈಸೂರಿನ ವಾನ್ ಇಂಗೆನ್ 120 ಪೌಂಡಿನ ಬಿಳಿಮೀನು ಹಿಡಿದಿದ್ದ ಕಥೆ ಗಾಳ ಹಿಡಿದೋರಿಗೆಲ್ಲ ಬಾಯಿಪಾಠ, 54 ಕೆಜಿ ಮಾರಾಯ್ರೆ, ಒಬ್ಬ ಆಳಿನ ತೂಕ. ಕಾವೇರಿ ಸೀಮೆ ಬಿಟ್ರೆ ಪ್ರಪಂಚದಲ್ಲಿ ಎಲ್ಲೂ ಇಲ್ಲದ ಗೂನುಬೆನ್ನಿನ ಬಿಳಿಮೀನು ಜಾತಿಗೆ ಸರಿಯಾದ ವೈಜ್ಞಾನಿಕ ಹೆಸರು ಯಾವುದು ಅಂತ ತೀರ್ಮಾನ ಆಗಿದ್ದೇ 2018ರಲ್ಲಿ, ಟಾರ್ ರೆಮಾದೇವಿ ಅಂತ. ಹೆಸರು ಸಿಕ್ಕಿದ ವರ್ಷನೇ ಅಳಿವಿನ ಅಂಚಿನ ಪಟ್ಟಿಗೂ ಹೋಯ್ತು. ನಾನಂತೂ ಗೂನಿನದ್ದನ್ನ ಒಂದ್ಸಲನೂ ಕಣ್ಣಲ್ಲಿ ನೋಡಿಲ್ಲ, ನನಗೆ ಸಿಕ್ಕಿದ್ದೆಲ್ಲ ನೀಲಿ ರೆಕ್ಕೆಯವು, ಅದೂ ಎರಡು ಮೂರು ಕೆಜಿಯವು. ನಿಜ ಹೇಳ್ಬೇಕಂದ್ರೆ ಬಿಳಿಮೀನಿಗೆ ನವೆಂಬರ್ ಸೀಸನ್ನೇ ಅಲ್ಲ, ನೀರು ಪೂರ್ತಿ ತಿಳಿ ಆಗ್ಬೇಕು, ಜನವರಿ ಕಳೀಬೇಕು. ಆದ್ರೂ ಹೋಗ್ತೀವಿ, ತಡ್ಕೊಳ್ಳಕ್ಕಾಗಲ್ಲ.

ಸರಿ, ಸೂಟಿಗೆ ಬರೋಣ.

ಮೊದಲನೇ ಭಾನುವಾರನೇ ಮಳೆ ಸಿಕ್ತು, ಕೆರೆ ದಡದಲ್ಲಿ. ಒಳ್ಳೇ ಜೋರು, ಕೆರೆ ಮೇಲೆಲ್ಲ ಎಣ್ಣೆ ಕಾದ ಬಾಣಲೆಗೆ ಸಾಸಿವೆ ಹಾಕಿದ ಹಾಗೆ ಚಿಟಪಟ. ಜಾಕೆಟ್ ಮೇಲೆ ನೀರು ನಿಲ್ತಾನೇ ಇಲ್ಲ, ಕೆಸುವಿನ ಎಲೆ ಮೇಲಿಂದ ಉರುಳೋ ಥರ ಮುತ್ತು ಮುತ್ತಾಗಿ ಉರುಳಿ ಹೋಗ್ತಿದೆ. ಎದೆ ಒಣಗಿದೆ, ಬೆನ್ನು ಒಣಗಿದೆ, ಜೇಬಲ್ಲಿರೋ ಮೊಬೈಲ್ ಒಣಗಿದೆ. ಆಹಾ ಅಂದ್ಕೊಂಡೆ, ಕೊಟ್ಟ ದುಡ್ಡಿಗೆ ಮೋಸ ಇಲ್ಲ. ಒಂದು ಅರ್ಧ ಗಂಟೆ ಆದ್ಮೇಲೆ ಎಡಗೈ ಮೊಣಕೈ ಹತ್ರ ಏನೋ ತಣ್ಣಗೆ. ಮುಕ್ಕಾಲು ಗಂಟೆಗೆ ಕಂಕುಳಲ್ಲಿ ತಣ್ಣಗೆ. ಒಂದು ಗಂಟೆಗೆ ಒಳಗಿನ ಶರ್ಟು ಎಡಗಡೆ ಪಕ್ಕೆ ತನಕ ಒದ್ದೆ, ಬಲಗಡೆ ಮಾತ್ರ ಇಸ್ತ್ರಿ ಗೆರೆ ಹಾಗೇ ಇದೆ. ನಾನು ಎಡಗೈಲಿ ರಾಡ್ ಹಿಡಿದು ಬಲಗೈಲಿ ರೀಲ್ ಸುತ್ತೋನು. ಆಗ ಅದನ್ನ ಲಿಂಕ್ ಮಾಡೋ ಬುದ್ಧಿ ಬರ್ಲಿಲ್ಲ, ಎಡ ತೋಳಿನ ಹೊಲಿಗೆ ಲೀಕ್ ಅಂದ್ಕೊಂಡು ಕಂಪನಿಗೆ ಮೇಲ್ ಹಾಕ್ದೆ. ಅವರು ಫೋಟೋ ಕೇಳಿದ್ರು, ವಿಡಿಯೋ ಕೇಳಿದ್ರು, ಕೊನೆಗೆ ತಣ್ಣೀರಲ್ಲಿ ಕೈಯಿಂದ ಒಗೀರಿ ಅಂತ ಒಂದು ರಿಪ್ಲೈ ಬಂತು. ಒಗಿಯೋಕೂ ಲೀಕಿಗೂ ಏನು ಸಂಬಂಧ ಅಂತ ನಾನು ಇನ್ನೊಂದು ಮೇಲ್ ಹಾಕ್ದೆ, ಅದಕ್ಕೆ ಉತ್ತರ ಇವತ್ತಿಗೂ ಬಂದಿಲ್ಲ.

ಮುಂದಿನ ವಾರ ಬಚ್ಚಲಲ್ಲಿ ಪರೀಕ್ಷೆ ಮಾಡ್ದೆ. ಜಾಕೆಟ್ ಹಾಕ್ಕೊಂಡು, ಎರಡೂ ತೋಳೊಳಗೆ ಹಳೇ ಪೇಪರ್ ತುರುಕಿ, ಶವರ್ ಕೆಳಗೆ ಹತ್ತು ನಿಮಿಷ ಕೈ ಇಳಿಬಿಟ್ಟು ನಿಂತೆ. ಪೇಪರ್ ಒಣಗಿತ್ತು. ಆಮೇಲೆ ಎಡಗೈಲಿ ಕಸಬರಿಗೆ ಎತ್ತಿ ಹಿಡ್ಕೊಂಡು, ರಾಡ್ ಹಿಡಿಯೋ ಥರನೇ ತುದಿ ಮೇಲೆ ಮಾಡ್ಕೊಂಡು ಹತ್ತು ನಿಮಿಷ. ಮಗಳು ಬಂದು ನೋಡಿ ಅಮ್ಮನ್ನ ಕರೆದ್ಲು, ಇಬ್ರೂ ಬಾಗ್ಲಲ್ಲಿ ನಿಂತು ನಕ್ಕಿದ್ದೇ ನಕ್ಕಿದ್ದು. ಆದ್ರೆ ಪೇಪರ್ ಮೊಣಕೈ ತನಕ ಅಂಬಲಿ ಆಗಿತ್ತು. ಅಂದ್ರೆ ಬಟ್ಟೆ ಲೀಕ್ ಇಲ್ಲ, ಹೊಲಿಗೆ ಲೀಕ್ ಇಲ್ಲ. ಮಳೆ ನೀರು ರಾಡ್ ಮೇಲೆ ಬೀಳ್ತದೆ, ರಾಡ್ ಹಿಡ್ಕೊಂಡು ಇಳೀತದೆ, ರೀಲ್ ದಾಟಿ ಮುಷ್ಟಿಗೆ ಬರ್ತದೆ, ಮಣಿಕಟ್ಟಿಂದ ಸೀದಾ ತೋಳೊಳಗೆ, ಯಾಕಂದ್ರೆ ಮೊಣಕೈ ಕೆಳಗೆ, ಕೈ ಮೇಲೆ. ಈ ಸೂಟನ್ನ ಡಿಸೈನ್ ಮಾಡ್ದವನು ಕೈ ಇಳಿಬಿಟ್ಟು ನಡೆಯೋ ಮನುಷ್ಯನ್ನ ಮನಸ್ಸಲ್ಲಿ ಇಟ್ಕೊಂಡು ಮಾಡಿದ್ದಾನೆ. ಬೈಕಲ್ಲೂ ಹ್ಯಾಂಡಲ್ ಎದುರಿಗೆ ಇರ್ತದೆ, ಮೇಲೆ ಅಲ್ಲ. ಗಾಳದವನ ಕೈ ದಿನವಿಡೀ ಮೇಲೇನೇ. ವೆಲ್ಕ್ರೋ ಎಷ್ಟು ಬಿಗಿದ್ರೂ ಅದು ಬಟ್ಟೆನ ಮಡಚ್ತದೆ ಹೊರತು ಮುಚ್ಚಲ್ಲ, ಮಡಿಕೆ ಮಡಿಕೆಯಲ್ಲೂ ಒಂದೊಂದು ತೋಡು.

ಹಳಬರಿಗೆ ಈ ತಾಪತ್ರಯ ಇರ್ಲಿಲ್ಲ. ಕಂಬಳಿ ಕೊಪ್ಪೆಗೆ, ಎಲೆ ಹೆಣೆದು ಮಾಡ್ತಿದ್ದ ಗೊರಬೆಗೆ ತೋಳೇ ಇಲ್ಲ ನೋಡಿ. ಕೈ ನೆನೀತದೆ, ನೆನೀಲಿ, ಅದು ಕೈಲೇ ಮುಗೀತದೆ, ಕಂಕುಳಿಗೆ ಬರೋ ದಾರಿನೇ ಇಲ್ಲ.

ಇನ್ನು ಆ 10,000 ಎಂ.ಎಂ. ಲೆಕ್ಕ. ಅಂಗಡಿಯವರಿಗೂ ಗೊತ್ತಿರಲ್ಲ, ನಾನೇ ಹುಡುಕಿ ತಿಳ್ಕೊಂಡೆ. ಬಟ್ಟೆ ಮೇಲೆ 10 ಮೀಟರ್ ಎತ್ತರಕ್ಕೆ ನೀರಿನ ಕಂಬ ನಿಲ್ಲಿಸಿದ್ರೆ ಅಲ್ಲಿ ತನಕ ತಡೀತದೆ ಅಂತ ಅರ್ಥ, ಒತ್ತಡದಲ್ಲಿ ಹೇಳೋದಾದ್ರೆ ಚದರ ಸೆಂಟಿಮೀಟರಿಗೆ ಹತ್ರ ಹತ್ರ 1 ಕೆಜಿ. ಬೀಳೋ ಮಳೆಗೆ ಅದು ಬೇಕಾದಷ್ಟಾಯ್ತು, ಕಕ್ಕಡದ ಮಳೆಗೂ ಸಾಕು. ಆದ್ರೆ ಮೀನು ಬಿಡಿಸೋಕೆ ಅಂತ ಒದ್ದೆ ಬಂಡೆ ಮೇಲೆ ಒಂದು ಮಂಡಿ ಊರಿ ಕೂತ್ಕೊಳ್ಳಿ. ನಾನು 78 ಕೆಜಿ, ಅದರಲ್ಲಿ ಅರ್ಧ ಆ ಮಂಡಿ ಮೇಲೆ ಬಿತ್ತು ಅಂದ್ರೂ 39 ಕೆಜಿ, ಚಿಪ್ಪಿನ ಕೆಳಗೆ ನೆಲಕ್ಕೆ ತಾಗೋ ಜಾಗ ಒಂದು ಇಪ್ಪತ್ತೈದು ಚದರ ಸೆಂಟಿಮೀಟರ್. ಭಾಗಿಸಿ ನೋಡಿ, ಒಂದೂವರೆ ಕೆಜಿ ಆಯ್ತು. ಲೇಬಲ್ ಅಲ್ಲೇ ಸೋತ್ಹೋಯ್ತು. ಎರಡನೇ ವರ್ಷದಿಂದ ನನ್ನ ಪ್ಯಾಂಟ್ ಮಂಡಿ ಹತ್ರ, ಕೂರೋ ಜಾಗದಲ್ಲಿ ಒಸರ್ತಾ ಇದೆ, ಇದು ಕಂಪನಿ ತಪ್ಪಲ್ಲ, ಬರೀ ಭೌತಶಾಸ್ತ್ರ. ಭತ್ತದ ಗೋಣಿ ಮಡಚಿ ಮೇಲೆ ಪ್ಲಾಸ್ಟಿಕ್ ಕವರ್ ಹಾಕಿ ಅದರ ಮೇಲೆ ಕೂತ್ರೆ ಸಮಸ್ಯೆ ಇಲ್ಲ. ಆದ್ರೆ ಇದೇ ಥರದ್ದು 3,000 ಎಂ.ಎಂ. ಅಂತ ಕಮ್ಮಿ ರೇಟಿಗೆ ಸಿಗ್ತದಲ್ಲ, ಗಾಳದವರು ಅದನ್ನ ಮುಟ್ಲೇಬೇಡಿ, ಬ್ಯಾಗಿನ ಪಟ್ಟಿ ಹೆಗಲು ಒತ್ತೋ ಕಡೆ ಕೂಡ ಇಳೀತದೆ.

ಬ್ರೀದಬಲ್ ಅಂತ ಬರೆದಿರ್ತಾರೆ, ಒಳಗಿನ ಬೆವರು ಆವಿಯಾಗಿ ಹೊರಗೆ ಹೋಗ್ತದೆ ಅಂತ. ಹೋಗ್ಬೇಕಾದ್ರೆ ಹೊರಗೆ ಗಾಳಿ ಒಣಗಿರ್ಬೇಕು ತಾನೆ. ನಮ್ಮಲ್ಲಿ ತುಲಾ ತಿಂಗಳ ಮಳೇಲಿ ಹೊರಗೂ ಅಷ್ಟೇ ಒದ್ದೆ ಒಳಗೂ ಅಷ್ಟೇ ಒದ್ದೆ, ಬೆವರು ಎಲ್ಲಿಗೆ ಹೋಗ್ಬೇಕು? ಗುಡುಗು ಮಳೆಗೆ ಮುಂಚೆ ಒಂದು ಸೆಖೆ ಇರ್ತದಲ್ಲ, ಆ ಟೈಮಲ್ಲಿ ಈ ಜಾಕೆಟ್ ಹಾಕ್ಕೊಂಡು ದಡದ ಮೇಲೆ ಕಾಲು ಗಂಟೆ ನಡೆದ್ರೆ ಮಳೆ ಬರೋಕೆ ಮುಂಚೆನೇ ನೆನೆದಿರ್ತೀರಿ. ಕಂಕುಳ ಕೆಳಗೆ ಜಿಪ್ ಇರೋ ಮಾದರಿ ಸಿಕ್ಕಿದ್ರೆ ಅದನ್ನೇ ತಗೊಳ್ಳಿ. ನನ್ನದಕ್ಕಿಲ್ಲ.

ಟೊಪ್ಪಿ ವಿಷ್ಯ ಬೇರೆನೇ ಹೇಳ್ಬೇಕು. ತಲೆ ತಿರುಗಿಸಿದ್ರೆ ಟೊಪ್ಪಿ ತಿರುಗಲ್ಲ, ಪಕ್ಕಕ್ಕೆ ನೋಡಿದ್ರೆ ಟೊಪ್ಪಿ ಒಳಗಿನ ಬಟ್ಟೆ ಕಾಣಿಸ್ತದೆ. ಅದಾದ್ರೂ ಸಹಿಸ್ಬಹುದು. ಸಹಿಸೋಕಾಗದ್ದು ಸದ್ದು. ಅಲ್ಲಾಡಿದ್ರೆ ಚರಚರ ಚರಚರ, ಮೇಲಿಂದ ಹನಿ ಬಿದ್ರೆ ಕಿವಿ ಹತ್ರ ಯಾರೋ ಅಕ್ಕಿ ಕೇರ್ತಾ ಇರೋ ಹಾಗೆ. ನೆಲ್ಯಹುದಿಕೇರಿ, ಸಿದ್ದಾಪುರದ ತೋಟಗಳಲ್ಲಿ ಇರೋರಿಗೆ ನಾನು ಹೇಳೋದು ಬೇಡ, ಇಲ್ಲಿ ಕಿವಿ ಮುಚ್ಕೊಂಡು ಓಡಾಡೋದು ಅಂದ್ರೆ ಆನೆಗೆ ನೀನೇ ಹೋಗಿ ನಮಸ್ಕಾರ ಹಾಕ್ದ ಹಾಗೆ. ಹಲಸಿನ ಮರದ ಕೆಳಗೆ ಕೊಂಬೆ ಮುರಿಯೋ ಸದ್ದು ಕೇಳ್ಬೇಕಾ ಬೇಡ್ವಾ? ನಾನು ಟೊಪ್ಪಿ ಬಿಚ್ಚಿ ಹಿಂದಕ್ಕೆ ಇಳಿಬಿಟ್ಟು, ತಲೆಗೆ ಅಗಲ ಅಂಚಿನ ಹ್ಯಾಟ್ ಹಾಕ್ತೀನಿ. ಇಳಿಬಿಟ್ಟ ಟೊಪ್ಪಿಲಿ ನೀರು ತುಂಬ್ತದೆ, ಬಗ್ಗಿದ್ರೆ ಕುತ್ತಿಗೆ ಮೇಲೆ ಒಂದು ಚೊಂಬು ಸುರಿದ ಹಾಗೆ ಆಗ್ತದೆ, ಆದ್ದರಿಂದ ಒಳಗೆ ಮಡಚಿ ತುರುಕ್ಬೇಕು.

2023ರ ನವೆಂಬರಲ್ಲಿ ವಾಲ್ನೂರಲ್ಲಿ ಆದದ್ದು ಸೂಟಿಗಿಂತ ಹವಾಮಾನಕ್ಕೆ ಸಂಬಂಧಪಟ್ಟಿದ್ದು, ಆದ್ರೂ ಬರೀತೀನಿ, ಯಾಕಂದ್ರೆ ಒಳ್ಳೇ ರೈನ್‌ಕೋಟ್ ಹಾಕ್ಕೊಂಡಿದ್ದೀನಿ ಅನ್ನೋ ಧೈರ್ಯದಲ್ಲೇ ನಾವು ಎದ್ದು ಹೋಗ್ಬೇಕಾದ ಟೈಮಿಗೆ ಹೋಗ್ಲಿಲ್ಲ. ರಾಗಿ ಮುದ್ದೆ ಕಟ್ಟಿ ಹಾಕಿದ್ವಿ, ಗಟ್ಟಿಯಾಗಿ ಬೇಯಿಸಿ ನಿಂಬೆಹಣ್ಣಿನ ಗಾತ್ರಕ್ಕೆ ಉಂಡೆ ಮಾಡಿ ಗಾಳ ಮುಚ್ಚೋ ಹಾಗೆ, ಕಾವೇರಿ ಬಿಳಿಮೀನಿಗೆ ಹಿಂದಿನಿಂದ್ಲೂ ಅದೇ ಎರೆ. ದಡದಿಂದ ಹತ್ತು ಹೆಜ್ಜೆ ನೀರು ದಾಟಿ ಒಂದು ದೊಡ್ಡ ಬಂಡೆ ಮೇಲೆ ನಿಂತಿದ್ವಿ. ನಮ್ಮ ತಲೆ ಮೇಲೆ ಬಿಸಿಲು. ಪಶ್ಚಿಮಕ್ಕೆ, ಮಡಿಕೇರಿ ಕಡೆ, ಮಸಿ ಬಳಿದ ಹಾಗೆ ಕಪ್ಪು. ನಾನು ಬಂಡೆ ಅಂಚಲ್ಲಿ ನೀರಿಗೆ ತಾಗೋ ಹಾಗೆ ಒಂದು ಕಾಫಿ ಕಡ್ಡಿ ಸಿಕ್ಕಿಸೋ ಅಭ್ಯಾಸ ಇಟ್ಕೊಂಡಿದ್ದೀನಿ, 2018ರ ಆಗಸ್ಟಿನ ಪ್ರವಾಹ ನೋಡಿದ ಮೇಲೆ ನೀರಿನ ಮೇಲೆ ನಂಬಿಕೆ ಹೋಗಿದೆ. ಒಂದು ಹೊತ್ತಲ್ಲಿ ಭಾವ "ನಿನ್ನ ಕಡ್ಡಿ ಎಲ್ಲಿ" ಅಂದ್ರು. ಕಡ್ಡಿ ಇಲ್ಲ. ನೀರು ಒಂದು ಗೇಣು ಏರಿತ್ತು. ನೊರೆ ಬರ್ತಾ ಇತ್ತು, ಒಣಗಿದ ಬಿದಿರೆಲೆ ಗುಂಪು ಗುಂಪಾಗಿ ತೇಲ್ಕೊಂಡು ಬರ್ತಾ ಇತ್ತು, ನಡುವಲ್ಲಿ ಒಂದು ಕೆಂಪು ಪಟ್ಟೆ. ನಮಗೆ ಒಂದು ಹನಿ ಬಿದ್ದಿಲ್ಲ, ಮೇಲೆ ಎಲ್ಲೋ ಸುರಿದದ್ದು ಹಳ್ಳ ತೊರೆ ಎಲ್ಲ ಹಿಡ್ಕೊಂಡು ನಮ್ಮ ಹತ್ರ ಬಂದಿದೆ. ಹತ್ತು ಹೆಜ್ಜೆ ದಾಟೋವಾಗ ಹೋಗ್ತಾ ಮೊಣಕಾಲಿತ್ತು, ಬರ್ತಾ ತೊಡೆ. ಈ ಸೂಟಿನ ಪ್ಯಾಂಟು ಆಗ ಏನು ಮಾಡ್ತದೆ ಗೊತ್ತಾ, ಒಳಗೆ ನೀರು ತುಂಬ್ಕೊಂಡು ಪ್ರವಾಹಕ್ಕೆ ಅಡ್ಡ ಹಿಡಿದ ಚೀಲದ ಹಾಗೆ ಉಬ್ತದೆ, ಕಾಲು ಕಿತ್ತಿಡೋಕಾಗಲ್ಲ. ಹೊಳೇಲಿ ಇಳಿಯೋವಾಗ ಈ ಪ್ಯಾಂಟ್ ಹಾಕ್ಲೇಬೇಡಿ. ಹಾಕಿದ್ರೂ ಹೊರಗಿಂದ ಪಾದದ ಹತ್ರ, ಮಂಡಿ ಕೆಳಗೆ ಎರಡು ಕಡೆ ಕಟ್ಟಿ.

ದಡಕ್ಕೆ ಬಂದು ಉಸಿರು ಬಿಡೋಷ್ಟರಲ್ಲಿ ಮಿಂಚು. ಎಣಿಸಿದ್ವಿ, ಹದಿನೈದಕ್ಕೆ ಗುಡುಗು. ಶಬ್ದಕ್ಕೆ ಒಂದು ಕಿಲೋಮೀಟರ್ ಬರೋಕೆ ಮೂರು ಸೆಕೆಂಡ್ ಬೇಕು, ಅಂದ್ರೆ ಐದು ಕಿಲೋಮೀಟರ್ ದೂರ. ಮೂವತ್ತು ಎಣಿಸೋದ್ರೊಳಗೆ ಗುಡುಗು ಕೇಳಿದ್ರೆ ಒಳಗೆ ಹೋಗ್ಬೇಕು, ಕೊನೇ ಗುಡುಗು ಕೇಳಿ ಅರ್ಧ ಗಂಟೆ ತನಕ ಹೊರಗೆ ಬರ್ಬಾರ್ದು, ಇದು ಲೆಕ್ಕ. ಈಗಿನ ರಾಡ್ ಎಲ್ಲ ಕಾರ್ಬನ್ನು, ಕಾರ್ಬನ್ ಕರೆಂಟ್ ಹಾಯಿಸ್ತದೆ, ಒಂಬತ್ತು ಅಡಿ ರಾಡ್ ಎತ್ತಿ ಹಿಡ್ಕೊಂಡು ಬಯಲಲ್ಲಿ ನಿಲ್ಲೋದು ಅಂದ್ರೆ ಮನೆ ಮೇಲಿನ ಸಿಡಿಲು ಕಡ್ಡಿನ ಕೈಲಿ ಹಿಡ್ಕೊಂಡ ಹಾಗೆ. ರಾಡ್ ಕಳಚಿ ನೆಲದ ಮೇಲೆ ಮಲಗಿಸಿ ಬಿಟ್ವಿ. ನಾನು ಅಭ್ಯಾಸಬಲದಲ್ಲಿ ಸಿಲ್ವರ್ ಓಕ್ ಕೆಳಗೆ ಹೋಗಿ ನಿಂತೆ, ಭಾವ ಜಾಕೆಟ್ ಕಾಲರ್ ಹಿಡಿದು ಎಳ್ಕೊಂಡು ಹೋಗಿ ಜೀಪಲ್ಲಿ ಕೂರಿಸಿದ್ರು, ಅದಕ್ಕೆ ಗಟ್ಟಿ ತಗಡಿನ ಟಾಪ್ ಇದೆ, ಗ್ಲಾಸ್ ಏರಿಸಿ ಕೂತ್ವಿ. ಕಾಲರ್ ಹೊಲಿಗೆ ಗಟ್ಟಿ ಇದೆ ಅಂತ ಅವತ್ತು ಗೊತ್ತಾಯ್ತು, ಅದಕ್ಕೊಂದು ಸ್ಟಾರ್. ಮೊಬೈಲಲ್ಲಿ ಸಿಡಿಲು ಆ್ಯಪೂ ಇದೆ, ದಾಮಿನಿನೂ ಇದೆ, ಎರಡೂ ಒಳ್ಳೇವೇ, ಆದ್ರೆ ಹೊಳೆ ಬದಿಲಿ ನೆಟ್‌ವರ್ಕ್ ಎಲ್ಲಿದೆ. ಮನೆ ಬಿಡೋಕೆ ಮುಂಚೆ ನೋಡ್ಕೊಂಡು ಹೋಗಿ, ಆಮೇಲೆ ಬೆರಳೇ ಗತಿ. ಆ ದಿನ ಜೀಪಲ್ಲಿ ಬೆವರಲ್ಲಿ ನೆನೆದು, ತೋಳಲ್ಲಿ ನೆನೆದು, ತೊಡೆ ತನಕ ನೆನೆದು ಒಂದೂವರೆ ಗಂಟೆ ಕೂತಿದ್ದಕ್ಕೆ ಬಂದಿದ್ದೇ ಮೇಲೆ ಹೇಳಿದ ಜ್ವರ.

ತೋಳಿಗೆ ಪರಿಹಾರ ಕೊಟ್ಟಿದ್ದೂ ಭಾವನೇ. ಅವರ ಕಾಫಿ ಗೋಡೌನಿಗೆ ಕಂಬದಿಂದ ವೈರ್ ಬರ್ತದಲ್ಲ, ಗೋಡೆ ತೂತಿಗೆ ಹೋಗೋಕೆ ಮುಂಚೆ ಅದು ಒಂದು ಗೇಣು ಕೆಳಗೆ ಜೋತು ಆಮೇಲೆ ಮೇಲೆ ಹೋಗ್ತದೆ, ನೀರು ಆ ಜೋತಿರೋ ಕಡೆನೇ ತೊಟ್ಟಿಕ್ಕಿ ಹೋಗ್ಲಿ ಅಂತ. "ಕರೆಂಟಿನವರಿಗೆ ಗೊತ್ತಿರೋದು ನಿನ್ನ ನಾಲ್ಕು ಸಾವಿರದ ಕಂಪನಿಗೆ ಗೊತ್ತಿಲ್ವಾ" ಅಂದ್ರು. ರೀಲಿಗಿಂತ ಒಂದು ಅಡಿ ಮೇಲೆ ರಾಡಿಗೆ ಹತ್ತಿ ಬಟ್ಟೆ ಚೂರು ಸುತ್ತಿ, ಒಂದು ಬಾಲ ಕೆಳಗೆ ಇಳಿಬಿಟ್ಟು ಕಟ್ಟಿದ್ವಿ. ರಾಡ್ ಹಿಡ್ಕೊಂಡು ಇಳಿಯೋ ನೀರು ಆ ಬಾಲಕ್ಕೆ ಹೋಗಿ ಟಪಟಪ ಅಂತ ಅಲ್ಲೇ ಬೀಳ್ತದೆ. ಮುಕ್ಕಾಲು ಸಮಸ್ಯೆ ಅಲ್ಲೇ ಮುಗೀತು. ಮಿಕ್ಕ ಕಾಲು ಭಾಗಕ್ಕೆ ಸೈಕಲ್ ಟ್ಯೂಬು. ಎರಡು ಬೆರಳು ಅಗಲಕ್ಕೆ ರಿಂಗ್ ಕತ್ತರಿಸಿ, ಮಣಿಕಟ್ಟಿಗೆ ಒಳಗೆ ಹಳೇ ಟವೆಲ್ ಪಟ್ಟಿ, ಅದರ ಮೇಲೆ ಜಾಕೆಟ್ ತೋಳು, ತೋಳಿನ ಮೇಲೆ ಟ್ಯೂಬ್ ರಿಂಗು. ಟವೆಲ್ ನೆನೆದ್ರೆ ಹಿಂಡಿ ಮತ್ತೆ ಕಟ್ಟೋದು. ಖರ್ಚು ಸೊನ್ನೆ.

ಸೈಕ್ಲೋನ್ ಮಳೆಗೆ ಈ ಸೂಟು ಹೇಗೆ ಅಂತ ಕೇಳಿದ್ರೆ, ಅಲ್ಲಿ ಇದಕ್ಕೆ ಪೂರ್ತಿ ಮಾರ್ಕ್ಸ್. 2024ರ ನವೆಂಬರ್ 30ಕ್ಕೆ ಫೆಂಗಲ್ ಪುದುಚೇರಿ ಹತ್ರ ದಡ ಹತ್ತಿತು, ಮಿಕ್ಕಿದ ಮೋಡ ತಮಿಳುನಾಡು ದಾಟಿ ನಮ್ಮ ಮೇಲೆ ಬಂತು. ಅದು ಚಳಿ ಮಳೆ, ಬೆವರೋ ಮಾತಿಲ್ಲ, ಗಾಳಿಗೆ ಈ ಬಟ್ಟೆ ಗೋಡೆ ಥರ ನಿಲ್ತದೆ. ಒಳಗೊಂದು ಸ್ವೆಟರ್ ಹಾಕ್ಕೊಂಡು ಕೆರೆ ಏರಿ ಮೇಲೆ ಗೋಣಿ ಹಾಕಿ ಕೂತಿದ್ದೆ, ಮೈ ಬೆಚ್ಚಗೆ, ಬ್ರ್ಯಾಂಡಿ ಬೇಕಾಗ್ಲಿಲ್ಲ. ಮೀನು ಮಾತ್ರ ಒಂದೂ ಇಲ್ಲ. ಕಡ್ಲೆಹಿಂಡಿ ಹಾಕ್ದೆ, ಎರೆಹುಳ ಹಾಕ್ದೆ, ಬೆಂಡು ಅಲ್ಲಾಡ್ಲಿಲ್ಲ. ಎರಡು ದಿನ ಬಿಸಿಲಿಲ್ದಿದ್ರೆ ಕೆರೆ ಪಾಚಿ ಆಮ್ಲಜನಕ ಬಿಡೋದು ಕಮ್ಮಿ, ಅದರ ಮೇಲೆ ತಣ್ಣನೆ ಮಳೆ ನೀರು ಭಾರ ಆಗಿ ತಳಕ್ಕೆ ಇಳಿದು ಕೆಳಗಿನ ಕೊಳೆ ನೀರನ್ನ ಮೇಲೆ ತರ್ತದೆ. ಬೆಳಿಗ್ಗೆ ನೋಡಿದ್ರೆ ಕಾಟ್ಲಾ ಎಲ್ಲ ಮೇಲೆ ಬಂದು ಬಾಯಿ ಬಾಯಿ ಬಿಡ್ತಾ ಇದ್ವು, ಉಸಿರಿಗೇ ಕಷ್ಟ, ತಿನ್ನೋದೆಲ್ಲಿ ಬಂತು. ಭಾವ ಪಂಪ್ ಹಾಕಿ ಕೆರೆ ನೀರನ್ನೇ ಎತ್ತಿ ಕೆರೆಗೇ ಚಿಮ್ಮಿಸಿದ್ರು, ಅದು ಮಾಡ್ಲಿಲ್ಲ ಅಂದ್ರೆ ಮಾರನೇ ದಿನ ಬುಟ್ಟಿ ಬುಟ್ಟಿ ಎತ್ಬೇಕಿತ್ತು. ಅಷ್ಟರಲ್ಲಿ ಕಣದಲ್ಲಿ ಅರೇಬಿಕಾ ಒಣಗೋಕೆ ಹಾಕಿದ್ದು ನೆನಪಾಗಿ ಎಲ್ರೂ ಓಡಿದ್ವಿ, ಗಾಳಿಗೆ ಟಾರ್ಪಾಲ್ ಹಾರಿತ್ತು. ಟಾರ್ಪಾಲ್ ತುದಿ ಹಿಡಿದು ಕೈ ಎತ್ತಿ ಎಳೆದೆ. ಎಡ ತೋಳು, ಬಲ ತೋಳು, ಎರಡರಲ್ಲೂ ನೀರು. ಟ್ಯೂಬ್ ರಿಂಗ್ ಕೆರೆ ಏರಿ ಮೇಲೆ ಬಿಟ್ಟು ಬಂದಿದ್ದೆ.

ಬಾಳಿಕೆ ಬಗ್ಗೆ. ಮೊದಲ ವರ್ಷ ಮುತ್ತು ಮುತ್ತಾಗಿ ಉರುಳ್ತಿದ್ದ ನೀರು ಎರಡನೇ ವರ್ಷ ಬಟ್ಟೆಗೆ ಅಂಟ್ಕೊಳ್ತದೆ, ಹೊರ ಬಟ್ಟೆ ನೆನೆದು ಭಾರ ಆಗ್ತದೆ, ಒಳಗೆ ನೀರು ಬರದಿದ್ರೂ ಥಂಡಿ ಹೊಡೀತದೆ. ಚೆನ್ನಾಗಿ ತೊಳೆದು ಸೋಪು ಬಿಡಿಸಿ, ಒಣಗಿಸಿ, ಮೇಲೊಂದು ತೆಳ್ಳನೆ ಬಟ್ಟೆ ಹಾಸಿ ತೀರಾ ಕಮ್ಮಿ ಬಿಸೀಲಿ ಇಸ್ತ್ರಿ ಆಡಿಸಿದ್ರೆ ಸ್ವಲ್ಪ ಮಟ್ಟಿಗೆ ವಾಪಸ್ ಬರ್ತದೆ. ಕಂಪನಿಯವರು ಒಗೀರಿ ಅಂದಿದ್ದು ಇದಕ್ಕೆ ಇರ್ಬೇಕು, ಬಿಡಿಸಿ ಹೇಳಿದ್ರೆ ಏನು ಹೋಗ್ತಿತ್ತೋ. ಬೂಷ್ಟು ಇನ್ನೊಂದು ಶತ್ರು. ಒದ್ದೆ ಸೂಟು ಮಡಚಿ ಬ್ಯಾಗಲ್ಲಿ ಬಿಟ್ರೆ ನಾಲ್ಕನೇ ದಿನಕ್ಕೆ ಕಪ್ಪು ಚುಕ್ಕಿ, ಒಳಗಿನ ಕೋಟಿಂಗ್ ಜಿಗಟಾಗಿ ಪುಡಿ ಪುಡಿ ಉದುರ್ತದೆ. ಹಾಗಂತ ಒಲೆ ಮೇಲಿನ ಅಟ್ಟದಲ್ಲಿ ಹಾಕ್ಬೇಡಿ, ನಾನು ಹಾಕಿ ಭುಜದ ಹೊಲಿಗೆ ಟೇಪ್ ಬಾಳೆ ಸಿಪ್ಪೆ ಥರ ಸುಲ್ಕೊಂಡು ಬಂತು. ವರಾಂಡದಲ್ಲಿ ನೇತುಹಾಕಿ, ನಿಧಾನಕ್ಕೆ ಒಣಗ್ಲಿ.

ಈಗ ಏನು ಮಾಡಿದ್ದೀನಿ ಅಂದ್ರೆ, ಜಾಕೆಟ್ ಭಾವನಿಗೆ ಕೊಟ್ಟುಬಿಟ್ಟೆ. ಅವರು ಅದನ್ನ ಹಾಕ್ಕೊಂಡು ಬೈಕಲ್ಲಿ ಸಿದ್ದಾಪುರಕ್ಕೆ ಹೋಗಿ ಬರ್ತಾರೆ, ಇಂಥಾ ಕೋಟು ಜನ್ಮದಲ್ಲಿ ಹಾಕಿಲ್ಲ ಅಂತಾರೆ, ನನಗೆ ಹೊಟ್ಟೆ ಉರೀತದೆ. ಪ್ಯಾಂಟ್ ಇಟ್ಕೊಂಡಿದ್ದೀನಿ, ಕೆರೆಗೆ ಮಾತ್ರ. ಮೇಲಕ್ಕೆ ಕುಶಾಲನಗರದಲ್ಲಿ 450 ರೂಪಾಯಿಗೆ ಸಿಗೋ ದಪ್ಪ ಪಿವಿಸಿ ಕೋಟು, ಎರಡು ಸೈಜ್ ದೊಡ್ಡದು, ಸಡಿಲ ಇದ್ರೆ ಕೆಳಗಿಂದ ಗಾಳಿ ಆಡ್ತದೆ, ಬೆವರು ಅಷ್ಟಿಲ್ಲ. ಭಾರ ಉಂಟು, ನೋಡೋಕೆ ಗೊಬ್ಬರದ ಚೀಲ ಹಾಕ್ಕೊಂಡ ಹಾಗೆ ಉಂಟು, ಸದ್ದು ಅದರದ್ದೂ ಉಂಟು. ಹರಿದ್ರೆ ಪಂಕ್ಚರ್ ಸೊಲ್ಯೂಷನ್ ಹಾಕಿ ಅಂಟಿಸ್ಬಹುದು.

ರೇಟಿಂಗ್ ಕೇಳಿದ್ರೆ ಬೈಕಿಗೆ, ತೋಟಕ್ಕೆ ಐದಕ್ಕೆ ನಾಲ್ಕೂವರೆ. ಗಾಳಕ್ಕೆ ಎರಡೂವರೆ, ರಾಡಿಗೆ ಬಟ್ಟೆ ಬಾಲ ಕಟ್ಟಿ ತೋಳಿಗೆ ರಿಂಗ್ ಹಾಕಿದ್ರೆ ಮೂರೂವರೆ. ರಿಂಗಿಗೆ ಟ್ಯೂಬ್ ಕೇಳೋವಾಗ ಪಂಕ್ಚರ್ ಅಂಗಡಿಲಿ ಸೈಕಲ್‌ದೇ ಕೇಳಿ, ಸುಮ್ನೆ ಕೊಡ್ತಾರೆ. ಬೈಕಿಂದು ದಪ್ಪ, ಅರ್ಧ ಗಂಟೇಲಿ ಕೈ ಜೋಮು ಹಿಡಿದು ಮೀನು ಎಳೆದದ್ದೂ ಗೊತ್ತಾಗಲ್ಲ.